ಓದುಗರ ಪ್ರಶ್ನೆ, ಮಕ್ಕಳ ವೈದ್ಯರ ಉತ್ತರ: ಜ್ವರದ ಮಗುವನ್ನು ಮನೆಯಲ್ಲಿ ‘ನೋಡಿಕೊಳ್ಳುವುದು’ ಎಂದರೇನು?

ಮಳೆ ಹಿಡಿದು ಶಾಲೆಗಳೂ ತೆರೆದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಜ್ವರಕ್ಕೆ ಸಂಬಂಧಿಸಿದವೇ ಆಗಿರುತ್ತವೆ. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಕೈಬಿಟ್ಟು, ಪ್ರಶ್ನೆಗಳನ್ನು ಸ್ವಲ್ಪ ಮೊಟಕುಗೊಳಿಸಿದ್ದೇನೆ.

ಪ್ರಶ್ನೆ: ಡಾಕ್ಟರೇ, ನನ್ನ ಮಗನಿಗೆ ಎರಡೂವರೆ ವರ್ಷ. ಹೋದ ವಾರ ರಾತ್ರಿ 11 ಗಂಟೆಗೆ ಮೈ ಕೆಂಡದಂತೆ ಸುಡುತ್ತಿತ್ತು. ಥರ್ಮಾಮೀಟರಿನಲ್ಲಿ 103 ತೋರಿಸಿತು. ನಮ್ಮ ಮನೆಯವರು ರಾತ್ರಿ ಪಾಳಿಯಲ್ಲಿದ್ದರು. ಪ್ಯಾರಾಸಿಟಮಾಲ್ ಕೊಟ್ಟು ಒಂದು ಗಂಟೆಯ ಮೇಲೆ ನೋಡಿದರೂ 101 ಇತ್ತು. ಹೆದರಿ ಆಟೋ ಹಿಡಿದು ಆಸ್ಪತ್ರೆಗೆ ಓಡಿದೆ. ಅಲ್ಲಿ ‘ವೈರಲ್ ಜ್ವರ, ಮನೆಯಲ್ಲೇ ನೋಡಿಕೊಳ್ಳಿ’ ಎಂದು ಹೇಳಿ ಕಳುಹಿಸಿದರು. ಮರುದಿನ ಮತ್ತೆ 103. ಜ್ವರ ತಲೆಗೇರಿದರೆ ಮಿದುಳಿಗೆ ಪೆಟ್ಟಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಮನೆಯಲ್ಲಿ ನೋಡಿಕೊಳ್ಳಿ ಎಂದರೆ ನಾನು ನಿಜವಾಗಿ ಏನನ್ನು ನೋಡಬೇಕು?
— ಯಶವಂತಪುರದ ತಾಯಿಯೊಬ್ಬರು

ಉತ್ತರ: ನಿಮ್ಮ ಕೊನೆಯ ವಾಕ್ಯವನ್ನು ಓದಿ ನನಗೆ ಸ್ವಲ್ಪ ನಾಚಿಕೆಯಾಯಿತು. ‘ನೋಡಿಕೊಳ್ಳಿ’ ಎಂಬ ಮಾತನ್ನು ನಾನೂ ದಿನಕ್ಕೆ ಹತ್ತಾರು ಸಲ ಹೇಳುತ್ತೇನೆ. ಹೇಳಿದ ತಕ್ಷಣ ಮುಂದಿನ ಚೀಟಿಯನ್ನು ಕರೆಯುತ್ತೇನೆ. ಆ ಮಾತಿನೊಳಗೆ ಏನಿದೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ನಿಮ್ಮ ಹೆದರಿಕೆಯ ವಿಷಯ. ನಮ್ಮ ಮಿದುಳಿನ ತಳದಲ್ಲಿ ಹೈಪೋಥಲಮಸ್ ಎಂಬ ಚಿಕ್ಕ ಭಾಗವಿದೆ. ಮನೆಯ ಗೀಸರಿನಲ್ಲಿ ನೀರು ಎಷ್ಟು ಬಿಸಿಯಾಗಬೇಕೆಂದು ನಿರ್ಧರಿಸುವ ಗುಂಡಿ ಇರುವಂತೆ, ದೇಹದ ಉಷ್ಣಾಂಶ ಎಷ್ಟಿರಬೇಕೆಂದು ನಿರ್ಧರಿಸುವುದು ಅದರ ಕೆಲಸ. ವೈರಸ್ಸೋ ಬ್ಯಾಕ್ಟೀರಿಯಾವೋ ಒಳಗೆ ಬಂದಾಗ ರಕ್ಷಣಾ ಕಣಗಳು ಬಿಡುಗಡೆ ಮಾಡುವ ರಾಸಾಯನಿಕಗಳು ಆ ಗುಂಡಿಯನ್ನು ಮೇಲಕ್ಕೆ ತಿರುಗಿಸುತ್ತವೆ. ಆಗ ದೇಹವು ತಾನಿರುವ ಉಷ್ಣಾಂಶ ಸಾಲದೆಂದು ಭಾವಿಸಿ, ಕೈಕಾಲುಗಳ ರಕ್ತನಾಳಗಳನ್ನು ಬಿಗಿಗೊಳಿಸಿ, ನಡುಕ ಹುಟ್ಟಿಸಿ ಶಾಖವನ್ನು ಕೂಡಿಸಿಕೊಳ್ಳುತ್ತದೆ. ಹೊಟ್ಟೆ, ಹಣೆ ಸುಡುತ್ತಿದ್ದು ಅಂಗಾಲು ತಣ್ಣಗಿರುವುದನ್ನು ನೀವು ಆ ರಾತ್ರಿ ಗಮನಿಸಿರಬಹುದು. ಜ್ವರ ಇನ್ನೂ ಏರುತ್ತಿದೆ ಎಂಬುದಕ್ಕೆ ಅದು ಗುರುತು. ಅಂದರೆ ಜ್ವರವು ದೇಹವೇ ಬೇಕೆಂದು, ತನ್ನ ಹತೋಟಿಯಲ್ಲಿಟ್ಟುಕೊಂಡೇ ಏರಿಸಿಕೊಂಡ ಶಾಖ. ಸೋಂಕಿನಿಂದ ಬಂದ ಜ್ವರ 106 ಡಿಗ್ರಿ ಫ್ಯಾರನ್‌ಹೀಟನ್ನು ದಾಟುವುದು ಬಹಳ ಅಪರೂಪ, ಮತ್ತು 103 ಅಥವಾ 104ರ ಜ್ವರದಿಂದಲೇ ಮಿದುಳಿಗೆ ಹಾನಿಯಾಗುವುದಿಲ್ಲ. ಮಿದುಳುಜ್ವರದಂಥ ಕಾಯಿಲೆಗಳು ಮಿದುಳನ್ನು ಕೆಡಿಸುತ್ತವೆ ನಿಜ, ಆದರೆ ಅಲ್ಲಿ ಕೆಡಿಸುವುದು ಸೋಂಕೇ ಹೊರತು ಥರ್ಮಾಮೀಟರಿನ ಅಂಕಿಯಲ್ಲ. ಬಿಸಿಲಿನಲ್ಲಿ ನಿಂತ, ಕಿಟಕಿ ಮುಚ್ಚಿದ ಕಾರಿನಲ್ಲಿ ಸಿಕ್ಕಿಕೊಂಡ ಮಗುವಿನ ಮೈ ಕಾಯುವುದು ಬೇರೆಯೇ ವಿಷಯ. ಅಲ್ಲಿ ದೇಹ ಹತೋಟಿ ಕಳೆದುಕೊಂಡಿರುತ್ತದೆ, ಅದು ಪ್ರಾಣಕ್ಕೇ ಅಪಾಯ.

ಇನ್ನು ಔಷಧದ ವಿಷಯ. 103 ಇದ್ದದ್ದು 101ಕ್ಕೆ ಇಳಿದದ್ದನ್ನು ನೀವು ಔಷಧದ ಸೋಲೆಂದು ತಿಳಿದಿರಿ. ನನ್ನ ಲೆಕ್ಕದಲ್ಲಿ ಅದು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿದೆ. ಪ್ಯಾರಾಸಿಟಮಾಲ್ ಅರ್ಧದಿಂದ ಒಂದು ಗಂಟೆಯೊಳಗೆ ಕೆಲಸ ಶುರುಮಾಡಿ, ಉಷ್ಣಾಂಶವನ್ನು ಎರಡು ಮೂರು ಡಿಗ್ರಿ ಫ್ಯಾರನ್‌ಹೀಟಿನಷ್ಟು ಇಳಿಸಿ, ನಾಲ್ಕರಿಂದ ಆರು ಗಂಟೆಗಳ ಮೇಲೆ ತನ್ನ ಪ್ರಭಾವ ಕಳೆದುಕೊಳ್ಳುತ್ತದೆ. ಅದು ಕಾಯಿಲೆಯನ್ನು ವಾಸಿಮಾಡುವುದಿಲ್ಲ, ಕಾಯಿಲೆಯ ದಿನಗಳನ್ನೂ ಕಡಿಮೆ ಮಾಡುವುದಿಲ್ಲ. ಮಗುವಿಗೆ ಮೈಕೈ ನೋವು ಇಳಿದು, ನಾಲ್ಕು ಗುಟುಕು ನೀರು ಕುಡಿದು ಮಲಗುವಷ್ಟು ನೆಮ್ಮದಿ ಸಿಗಲಿ ಎಂಬುದಷ್ಟೇ ಅದನ್ನು ಕೊಡುವ ಉದ್ದೇಶ. ಆದ್ದರಿಂದ 101 ಇದ್ದರೂ ಚಾಪೆಯ ಮೇಲೆ ಕಾರು ಓಡಿಸುತ್ತ ಕೂತಿರುವ ಮಗುವಿಗೆ ಔಷಧ ಕೊಡಲೇಬೇಕೆಂದಿಲ್ಲ. ನಿದ್ದೆಹೋದ ಮಗುವನ್ನು ಔಷಧಕ್ಕಾಗಿ ಎಬ್ಬಿಸಬೇಕಾಗಿಯೂ ಇಲ್ಲ.

ಈಗ ‘ನೋಡುವ’ ಮಾತಿಗೆ ಬರೋಣ. ಔಷಧ ಕೊಟ್ಟು ಒಂದು ಗಂಟೆಯಾದ ಮೇಲೆ, ಜ್ವರ ಸ್ವಲ್ಪ ಇಳಿದಿರುವ ಹೊತ್ತಿನಲ್ಲಿ ಮಗುವನ್ನು ನೋಡಿ. ನಾನು ಹೇಳಿಕೊಡುವುದರಲ್ಲಿ ಅತಿ ಮುಖ್ಯವಾದದ್ದು ಇದೇ. ಜ್ವರ ಏರಿದಾಗ ಎಲ್ಲ ಮಕ್ಕಳೂ ಸೊರಗುತ್ತಾರೆ, ಹಠ ಮಾಡುತ್ತಾರೆ, ಉಸಿರೂ ಸ್ವಲ್ಪ ಜೋರಾಗಿರುತ್ತದೆ. ಇಳಿದಾಗ ಮಗು ಕಣ್ಣಿಗೆ ಕಣ್ಣು ಕೊಟ್ಟು ನೋಡಿದರೆ, ನಿಮ್ಮನ್ನು ಗುರುತಿಸಿ ಏನನ್ನಾದರೂ ಕೇಳಿದರೆ, ಕೊಟ್ಟ ನೀರನ್ನು ಕುಡಿದರೆ, ಆರೆಂಟು ಗಂಟೆಗೊಮ್ಮೆಯಾದರೂ ಮೂತ್ರ ಮಾಡುತ್ತಿದ್ದರೆ ಆ ರಾತ್ರಿ ಆಟೋ ಹುಡುಕುವ ಅಗತ್ಯವಿಲ್ಲ. ಜ್ವರ ಇಳಿದ ಮೇಲೂ ಮಗು ಜೋಲುಮೋರೆ ಹಾಕಿಕೊಂಡು ಬಿದ್ದುಕೊಂಡಿದ್ದರೆ, ಎತ್ತಿಕೊಂಡರೂ ಸಮಾಧಾನವಾಗದೆ ಕೀರಲು ದನಿಯಲ್ಲಿ ಅಳುತ್ತಿದ್ದರೆ, ಥರ್ಮಾಮೀಟರ್ 100 ತೋರಿಸಿದರೂ ಆಸ್ಪತ್ರೆಗೆ ಹೊರಡಿ.

ಉಸಿರನ್ನು ಎಣಿಸುವುದನ್ನು ಪ್ರತಿ ತಾಯಿಯೂ ಕಲಿಯಬಹುದು. ಮಗು ಮಲಗಿರುವಾಗ ಅಂಗಿ ಮೇಲೆತ್ತಿ, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿನಲ್ಲಿ ಅದು 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದ ಮಗುವಿನಲ್ಲಿ 40 ಅಥವಾ ಹೆಚ್ಚು ಇದ್ದರೆ ನ್ಯುಮೋನಿಯಾದ ಅನುಮಾನ ಪಡಬೇಕು. ಉಸಿರೆಳೆದುಕೊಂಡಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ ಎಣಿಸುತ್ತ ಕೂರುವುದೂ ಬೇಡ. ಕುಡಿದದ್ದನ್ನೆಲ್ಲ ವಾಂತಿ ಮಾಡುವುದು, ಕುತ್ತಿಗೆ ಸೆಟೆದುಕೊಳ್ಳುವುದು, ಗಾಜಿನ ಲೋಟವನ್ನು ಒತ್ತಿದರೂ ಮಾಯವಾಗದ ಕೆಂಪು ಅಥವಾ ನೇರಳೆ ಚುಕ್ಕೆಗಳು, ಇವು ಯಾವುವನ್ನೂ ಬೆಳಗಿನವರೆಗೆ ಕಾಯಿಸುವಂತಿಲ್ಲ. ಮೂರು ತಿಂಗಳೊಳಗಿನ ಹಸುಗೂಸಿಗೆ 100.4 ಡಿಗ್ರಿ, ಅಂದರೆ 38 ಸೆಲ್ಸಿಯಸ್ ಮುಟ್ಟಿದರೆ, ನೋಡಲು ಎಷ್ಟೇ ಚೆನ್ನಾಗಿದ್ದರೂ, ಮನೆಯ ಆರೈಕೆಯ ಮಾತೇ ಇಲ್ಲ. ಅಷ್ಟು ಚಿಕ್ಕ ಕೂಸಿನಲ್ಲಿ ರಕ್ತದ ಸೋಂಕು ಬೇರೆ ಯಾವ ಸುಳಿವನ್ನೂ ಕೊಡದೆ ಬೆಳೆಯಬಹುದು. ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಕೋಟೆ ಬಳಿಯ ವಾಣಿವಿಲಾಸ ಆಸ್ಪತ್ರೆಗಳಂಥ ಕಡೆ ರಾತ್ರಿಯೂ ಮಕ್ಕಳನ್ನು ನೋಡುತ್ತಾರೆ. ನಿಮ್ಮ ಮನೆಗೆ ಹತ್ತಿರವಿರುವ, ಮಕ್ಕಳ ವೈದ್ಯರು ರಾತ್ರಿ ಇರುವ ಆಸ್ಪತ್ರೆ ಯಾವುದೆಂದು ಮಗು ಚೆನ್ನಾಗಿರುವಾಗಲೇ ವಿಚಾರಿಸಿಟ್ಟುಕೊಳ್ಳಿ.

ಒಂದು ಚಿಕ್ಕ ಪುಸ್ತಕ ಇಡಿ. ಜ್ವರ ಶುರುವಾದ ದಿನ ಮತ್ತು ಗಂಟೆ, ಔಷಧ ಕೊಟ್ಟ ಹೊತ್ತು, ಎಷ್ಟು ಮಿಲಿಲೀಟರ್, ಮೂತ್ರ ಮಾಡಿದ ಹೊತ್ತು, ಇಷ್ಟು ಬರೆದರೆ ಸಾಕು. ಮೂರನೇ ದಿನ ಮುಗಿದರೂ ಜ್ವರ ಬಿಡದಿದ್ದರೆ ಮಗು ಆಡಿಕೊಂಡಿದ್ದರೂ ವೈದ್ಯರಿಗೆ ತೋರಿಸಬೇಕು, ಏಕೆಂದರೆ ಟೈಫಾಯಿಡ್, ಮೂತ್ರದ ಸೋಂಕು, ಡೆಂಗಿ ಇವೆಲ್ಲ ಮೊದಲೆರಡು ದಿನ ವೈರಲ್ ಜ್ವರದ ವೇಷದಲ್ಲೇ ಇರುತ್ತವೆ. ‘ಎರಡು ಮೂರು ದಿನದಿಂದ ಇರಬೇಕು ಡಾಕ್ಟರೇ’ ಎಂಬ ಉತ್ತರಕ್ಕಿಂತ ನಿಮ್ಮ ಆ ಪುಸ್ತಕ ನನಗೆ ಹೆಚ್ಚು ಹೇಳುತ್ತದೆ.

ಥರ್ಮಾಮೀಟರಿನ ಬಗ್ಗೆಯೂ ಒಂದು ಮಾತು. ಪಾದರಸದ್ದು ಮನೆಯಲ್ಲಿದ್ದರೆ ಕೈಬಿಡಿ, ಒಡೆದರೆ ಅಪಾಯ. ಡಿಜಿಟಲ್ ಥರ್ಮಾಮೀಟರನ್ನು ಬೆವರು ಒರೆಸಿದ ಕಂಕುಳಿನ ನಡುವೆ ಇಟ್ಟು, ತೋಳನ್ನು ಮೈಗೆ ಒತ್ತಿಹಿಡಿದು, ಅದು ಸದ್ದು ಮಾಡುವವರೆಗೆ ಕಾಯಿರಿ. ಕಂಕುಳಿನ ಅಳತೆ ಒಳಮೈ ಉಷ್ಣಾಂಶಕ್ಕಿಂತ ಸುಮಾರು ಅರ್ಧ ಡಿಗ್ರಿ ಸೆಲ್ಸಿಯಸ್ ಕಡಿಮೆ ಇರುತ್ತದೆ. 98.6 ಎಂಬುದನ್ನು ನಾವು ಗಡಿಗಲ್ಲಿನಂತೆ ನಂಬಿದ್ದೇವೆ; ಅದು ಜರ್ಮನಿಯ ವೈದ್ಯ ಕಾರ್ಲ್ ವುಂಡರ್‌ಲಿಖ್ 1868ರಲ್ಲಿ ಸಾವಿರಾರು ಜನರ ಕಂಕುಳಿನ ಉಷ್ಣಾಂಶವನ್ನು ಅಳೆದು ಕೊಟ್ಟ ಸರಾಸರಿ ಮಾತ್ರ. ಸಂಜೆ ಆಡಿ ಬಂದ ಮಗುವಿಗೆ 99 ಇದ್ದರೆ ಅದು ಜ್ವರವಲ್ಲ.

ಪ್ರಶ್ನೆ: ನನಗೆ 68 ವರ್ಷ, ನಾಲ್ಕು ಮಕ್ಕಳನ್ನು ಸಾಕಿದವಳು. ನನ್ನ ಸೊಸೆ ಮೊಮ್ಮಗಳಿಗೆ ಜ್ವರವಿದ್ದರೂ ಮೊಸರನ್ನ ಕೊಡುತ್ತಾಳೆ, ಮೈ ಒರೆಸುತ್ತಾಳೆ, ಕಂಬಳಿ ಹೊದಿಸಲು ಹೋದರೆ ತೆಗೆದುಹಾಕುತ್ತಾಳೆ. ‘ಲಂಘನಂ ಪರಮೌಷಧಂ’ ಎಂದು ಹಿರಿಯರು ಸುಮ್ಮನೆ ಹೇಳಿದರೇ? ನಾವು ತಣ್ಣೀರುಪಟ್ಟಿ ಹಾಕಿ, ಕಷಾಯ ಕುಡಿಸಿ ಮಕ್ಕಳನ್ನು ಉಳಿಸಿಕೊಳ್ಳಲಿಲ್ಲವೇ?
— ಬಸವನಗುಡಿಯ ಅಜ್ಜಿಯೊಬ್ಬರು

ಉತ್ತರ: ಅಮ್ಮಾ, ನಮಸ್ಕಾರ. ಪತ್ರವನ್ನು ನಿಮ್ಮ ಸೊಸೆಯೂ ಓದುತ್ತಾರೆಂದು ತಿಳಿದೇ ಉತ್ತರಿಸುತ್ತಿದ್ದೇನೆ. ತೀರ್ಪು ಇಬ್ಬರ ಕಡೆಗೂ ಸ್ವಲ್ಪ ಸ್ವಲ್ಪ ಹೋಗುತ್ತದೆ.

ಉಪವಾಸದ ಮಾತು ದೊಡ್ಡವರಿಗೆ ಹೇಗೋ, ಚಿಕ್ಕ ಮಕ್ಕಳಿಗೆ ಸಲ್ಲದು. ಜ್ವರದಲ್ಲಿ ದೇಹ ಹೆಚ್ಚು ಶಕ್ತಿಯನ್ನೂ ಹೆಚ್ಚು ನೀರನ್ನೂ ಖರ್ಚುಮಾಡುತ್ತದೆ. ಮಕ್ಕಳ ಮೈಯಲ್ಲಿ ಅದಕ್ಕೆ ಬೇಕಾದ ದಾಸ್ತಾನು ಕಡಿಮೆ. ಆದರೆ ನಿಮ್ಮ ಹಿರಿಯರ ಮಾತಿನೊಳಗೆ ಒಂದು ತಿಳಿವೂ ಇದೆ: ಹಸಿವಿಲ್ಲದ ಮಗುವಿಗೆ ತುರುಕಬಾರದು. ಮಗು ಎರಡು ದಿನ ಊಟ ಬಿಟ್ಟರೂ ಕುಡಿಯುವುದನ್ನು ಬಿಡದಿದ್ದರೆ ನಾನು ಚಿಂತಿಸುವುದಿಲ್ಲ. ಗಂಜಿ, ತಿಳಿಸಾರು, ತೆಳ್ಳನೆಯ ರಾಗಿ ಅಂಬಲಿ, ಎಳನೀರು, ಮಜ್ಜಿಗೆ ಯಾವುದನ್ನಾದರೂ ಚಮಚ ಚಮಚವಾಗಿ, ಹತ್ತು ನಿಮಿಷಕ್ಕೊಮ್ಮೆ ಕೊಡುತ್ತಿರಿ. ಮೊಸರನ್ನದಿಂದ ಜ್ವರ ಹೆಚ್ಚುವುದಿಲ್ಲ. ಮಗು ಕೇಳಿದರೆ ಕೊಡಿ, ಫ್ರಿಜ್ಜಿನಿಂದ ತೆಗೆದು ತಕ್ಷಣ ಕೊಡುವುದು ಬೇಡವೆನಿಸಿದರೆ ಸ್ವಲ್ಪ ಹೊತ್ತು ಹೊರಗಿಟ್ಟು ಕೊಡಿ. ಮೊಲೆಹಾಲು ಕುಡಿಯುವ ಕೂಸಿಗೆ ಮಾಮೂಲಿಗಿಂತ ಹೆಚ್ಚು ಸಲ ಹಾಲೂಡಿಸಬೇಕು.

ವಾಂತಿ ಭೇದಿಯೂ ಇದ್ದರೆ ಓಆರ್‌ಎಸ್ ಪುಡಿಯೇ ಆಗಬೇಕು. ಸುಮಾರು 20.5 ಗ್ರಾಮಿನ ದೊಡ್ಡ ಪೊಟ್ಟಣವನ್ನು ಒಂದು ಲೀಟರ್ ಕುಡಿಯುವ ನೀರಿಗೆ ಪೂರ್ತಿಯಾಗಿ ಕಲಸಬೇಕೇ ಹೊರತು ಲೋಟಕ್ಕೆ ಚಿಟಿಕೆಯಂತೆ ಹಾಕಬಾರದು. ಕಲಸಿದ್ದು 24 ಗಂಟೆಗೆ ಮಾತ್ರ. ಆ ಹೆಸರನ್ನು ಅಂಟಿಸಿಕೊಂಡು ಡಬ್ಬಿಗಳಲ್ಲಿ ಮಾರಾಟವಾಗುತ್ತಿದ್ದ ಸಿಹಿ ಪಾನೀಯಗಳು ಓಆರ್‌ಎಸ್ ಅಲ್ಲವೆಂದು ಆಹಾರ ಸುರಕ್ಷತಾ ಪ್ರಾಧಿಕಾರವೇ 2025ರಲ್ಲಿ ಆ ಪದದ ಬಳಕೆಯನ್ನು ನಿಲ್ಲಿಸಲು ಆದೇಶಿಸಿತು. ಅವುಗಳಲ್ಲಿ ಸಕ್ಕರೆ ಹೆಚ್ಚು. ಭೇದಿಯನ್ನು ಇನ್ನಷ್ಟು ಕೆಡಿಸುತ್ತವೆ.

ಕಂಬಳಿಯ ವಿಷಯದಲ್ಲಿ ಸೊಸೆಯವರೇ ಸರಿ, ಒಂದು ವಿನಾಯಿತಿಯೊಡನೆ. ಮಗು ಚಳಿಯಿಂದ ನಡುಗುತ್ತಿದ್ದರೆ ತೆಳುವಾದ ಹೊದಿಕೆ ಹೊದಿಸಿ. ನಡುಕ ನಿಂತ ಕೂಡಲೇ ತೆಗೆಯಿರಿ. ಸ್ವೆಟರು, ಟೊಪ್ಪಿ, ಕಾಲುಚೀಲ ಹಾಕಿ ಕಿಟಕಿ ಮುಚ್ಚಿದರೆ ಶಾಖ ಹೊರಹೋಗಲು ದಾರಿ ಸಿಗದು. ಒಂದು ತೆಳ್ಳನೆಯ ಹತ್ತಿ ಅಂಗಿ, ಮೆಲ್ಲಗೆ ತಿರುಗುವ ಫ್ಯಾನು, ಇಷ್ಟು ಸಾಕು.

ತಣ್ಣೀರುಪಟ್ಟಿಯ ಬಗ್ಗೆ ನಿಮಗೆ ಬೇಸರವಾಗಬಹುದು. ತಣ್ಣೀರು ತಾಗಿದಾಗ ಚರ್ಮದ ರಕ್ತನಾಳಗಳು ಮುಚ್ಚಿಕೊಂಡು, ಮಗು ನಡುಗಿ, ಒಳಗಿನ ಶಾಖ ಒಳಗೇ ಉಳಿಯುತ್ತದೆ. ಐಸ್ ನೀರನ್ನಂತೂ ಬಳಸಲೇಬಾರದು, ಸ್ಪಿರಿಟ್ ಅಥವಾ ಕೊಲೋನು ಹಚ್ಚುವುದು ವಿಷಬಾಧೆಗೆ ದಾರಿ. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಮೈ ಒರೆಸಿದರೆ ಸ್ವಲ್ಪ ಹೊತ್ತಿಗೆ ಹಿತವೆನಿಸುತ್ತದೆ. ಮಗುವಿಗೆ ಇಷ್ಟವಾದರೆ ಮಾಡಿ, ಅತ್ತರೆ ಬಿಡಿ. ಹಾಗೆಯೇ ಬೆಚ್ಚಗಿನ ನೀರಿನ ಸ್ನಾನದಿಂದ ಜ್ವರ ತಿರುಗಿ ಬರುವುದಿಲ್ಲ. ತುಳಸಿ, ಶುಂಠಿಯ ತೆಳ್ಳನೆಯ ಕಷಾಯ ದೊಡ್ಡ ಮಗುವಿನ ಗಂಟಲಿಗೆ ಹಿತ. ಆದರೆ ಒಂದು ವರ್ಷ ತುಂಬದ ಕೂಸಿಗೆ ಜೇನುತುಪ್ಪವನ್ನು ನೆಕ್ಕಿಸಲೂ ಬೇಡಿ. ಅದರಲ್ಲಿರಬಹುದಾದ, ಬಾಟ್ಯುಲಿಸಮ್ ಎಂಬ ಕಾಯಿಲೆ ತರುವ ಬೀಜಾಣುಗಳನ್ನು ಎದುರಿಸುವ ಶಕ್ತಿ ಅಷ್ಟು ಎಳೆಯ ಕರುಳಿಗೆ ಇರುವುದಿಲ್ಲ. ದೃಷ್ಟಿ ತೆಗೆಯುವುದಾದರೆ ನನ್ನ ಅಡ್ಡಿಯಿಲ್ಲ, ಮೆಣಸಿನಕಾಯಿಯ ಹೊಗೆ ಮಾತ್ರ ಮಗುವಿನ ಕೋಣೆಗೆ ಬಾರದಿರಲಿ.

ಪ್ರಶ್ನೆ: ಮನೆಯಲ್ಲಿ ಪ್ಯಾರಾಸಿಟಮಾಲಿನ ಮೂರು ಬಗೆಯ ಸೀಸೆಗಳಿವೆ: ಒಂದು ಡ್ರಾಪ್ಸ್, ಎರಡು ಸಿರಪ್. ಮಗುವಿನ ತೂಕ 12 ಕಿಲೋ. ಯಾವುದನ್ನು ಎಷ್ಟು ಕೊಡಬೇಕು? ಜ್ವರ ಬೇಗ ಇಳಿಯಲೆಂದು ಐಬುಪ್ರೊಫೇನನ್ನು ನಡುನಡುವೆ ಕೊಡಬಹುದೇ? ಕಳೆದ ಸಲ ಉಳಿದ ಆ್ಯಂಟಿಬಯಾಟಿಕ್ ಕೂಡ ಇದೆ.
— ಮಾರತ್‌ಹಳ್ಳಿಯ ತಂದೆಯೊಬ್ಬರು

ಉತ್ತರ: ಮೂರರಲ್ಲಿ ಒಂದನ್ನು ಮಾತ್ರ ಇಟ್ಟುಕೊಂಡು ಉಳಿದೆರಡನ್ನು ಇಂದೇ ಎಸೆಯಿರಿ ಎಂಬುದು ನನ್ನ ಮೊದಲ ಉತ್ತರ. ಸೀಸೆಗಳ ಗೊಂದಲದಿಂದಾಗುವ ತಪ್ಪು ನಡುರಾತ್ರಿಯ ನಿದ್ದೆಗಣ್ಣಿನಲ್ಲಿಯೇ ಆಗುತ್ತದೆ.

ಲೆಕ್ಕ ಹೀಗಿದೆ. ಪ್ರತಿ ಕಿಲೋ ತೂಕಕ್ಕೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ, ಅಂದರೆ ನಿಮ್ಮ ಮಗುವಿಗೆ 120ರಿಂದ 180 ಮಿಲಿಗ್ರಾಂ. ಎರಡು ಸಲದ ನಡುವೆ ಕನಿಷ್ಠ ನಾಲ್ಕು ಗಂಟೆ, ಆರು ಗಂಟೆಯಾದರೆ ಇನ್ನೂ ಒಳ್ಳೆಯದು. ದಿನಕ್ಕೆ ನಾಲ್ಕು ಸಲವನ್ನು ಮೀರುವುದು ಬೇಡ. ಸೀಸೆಯ ಮೇಲೆ ‘5 ಮಿಲಿಯಲ್ಲಿ 120’ ಅಥವಾ ‘125 ಮಿಲಿಗ್ರಾಂ’ ಎಂದಿದ್ದರೆ 5 ಮಿಲಿಯಿಂದ 7 ಮಿಲಿ. ‘5 ಮಿಲಿಯಲ್ಲಿ 250’ ಎಂದಿದ್ದರೆ ಎರಡೂವರೆಯಿಂದ ಮೂರೂವರೆ ಮಿಲಿ. ಡ್ರಾಪ್ಸ್ ಸಾಮಾನ್ಯವಾಗಿ ಪ್ರತಿ ಮಿಲಿಗೆ 100 ಮಿಲಿಗ್ರಾಂ ಇರುತ್ತದೆ; ಅದರಲ್ಲಿ 1.2ರಿಂದ 1.8 ಮಿಲಿ ಮಾತ್ರ. ಡ್ರಾಪ್ಸ್ ಹನಿಹನಿಯಾಗಿ ಕೊಡುವ ಔಷಧವಾದ್ದರಿಂದ ಸೌಮ್ಯವೆಂದು ಜನ ತಿಳಿಯುತ್ತಾರೆ, ವಾಸ್ತವದಲ್ಲಿ ಅದೇ ಎಲ್ಲಕ್ಕಿಂತ ಗಟ್ಟಿ. ಸಿರಪ್ಪೆಂದು ತಿಳಿದು 5 ಮಿಲಿ ಡ್ರಾಪ್ಸ್ ಕೊಟ್ಟರೆ ಮಗುವಿನ ಹೊಟ್ಟೆಗೆ 500 ಮಿಲಿಗ್ರಾಂ ಹೋಗುತ್ತದೆ, ಅದು ಹೆಚ್ಚೆಂದರೆ ಕೊಡಬಹುದಾದ ಪ್ರಮಾಣದ ಸುಮಾರು ಮೂರು ಪಟ್ಟು. ಹೀಗೆ ಮತ್ತೆ ಮತ್ತೆ ಹೋದರೆ ಯಕೃತ್ತು ಕೆಡುತ್ತದೆ. ಅಡುಗೆಮನೆಯ ಚಮಚದಲ್ಲಿ ಅಳೆಯಬೇಡಿ. ಸೀಸೆಯ ಜೊತೆಗೆ ಬಂದ ಅಳತೆಯ ಮುಚ್ಚಳವನ್ನೋ ಸೂಜಿಯಿಲ್ಲದ ಸಿರಿಂಜನ್ನೋ ಬಳಸಿ. ನೆಗಡಿಗೆ ಕೊಡುವ ಎಷ್ಟೋ ಸಿರಪ್‌ಗಳಲ್ಲಿಯೂ ಪ್ಯಾರಾಸಿಟಮಾಲ್ ಸೇರಿರುತ್ತದೆ, ಆದ್ದರಿಂದ ಎರಡನ್ನೂ ಕೊಟ್ಟರೆ ನಿಮಗೆ ತಿಳಿಯದಂತೆಯೇ ಪ್ರಮಾಣ ಇಮ್ಮಡಿಯಾಗುತ್ತದೆ. ಐದು ವರ್ಷದೊಳಗಿನ ಮಕ್ಕಳಿಗೆ ನೆಗಡಿ ಕೆಮ್ಮಿನ ಸಿರಪ್‌ಗಳನ್ನು ನೀವಾಗಿ ಕೊಡಲೇಬೇಡಿ.

ಐಬುಪ್ರೊಫೇನ್ ಕೆಟ್ಟ ಔಷಧವೇನಲ್ಲ. ಆದರೆ ನಮ್ಮ ಊರಿನಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಜ್ವರದ ಮೊದಲ ದಿನಗಳಲ್ಲಿ ಡೆಂಗಿ ಅಲ್ಲವೆಂದು ಯಾರೂ ಖಚಿತವಾಗಿ ಹೇಳಲಾರರು. ಡೆಂಗಿಯಲ್ಲಿ ಐಬುಪ್ರೊಫೇನ್, ಮೆಫೆನಮಿಕ್ ಆಮ್ಲ, ಆ್ಯಸ್ಪಿರಿನ್ ಇವು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ. ಆ್ಯಸ್ಪಿರಿನ್ನಂತೂ ಮಕ್ಕಳಲ್ಲಿ ರೈ ಸಿಂಡ್ರೋಮ್ ಎಂಬ, ಯಕೃತ್ತು ಮತ್ತು ಮಿದುಳನ್ನು ಹಾಳುಮಾಡುವ ತೊಂದರೆಗೂ ಕಾರಣವಾಗಬಲ್ಲದು. ನಿಮೆಸುಲೈಡನ್ನು 12 ವರ್ಷದೊಳಗಿನವರಿಗೆ ಕೊಡುವುದನ್ನು ನಮ್ಮ ದೇಶದಲ್ಲಿ 2011ರಲ್ಲೇ ನಿಷೇಧಿಸಲಾಗಿದೆ. ಅಜ್ಜನ ಡಬ್ಬಿಯಿಂದ ಅರ್ಧ ಮಾತ್ರೆ ಮುರಿದು ಕೊಡುವವರು ಇದನ್ನು ಗಮನಿಸಬೇಕು. ಹೀಗಾಗಿ ವೈದ್ಯರು ನೋಡಿ ಹೇಳುವವರೆಗೆ ಪ್ಯಾರಾಸಿಟಮಾಲ್ ಒಂದೇ ಇರಲಿ. ಎರಡು ಔಷಧಗಳನ್ನು ಸರದಿಯಂತೆ ಕೊಡುತ್ತ ಹೋದರೆ ಅಂಕಿ ಇನ್ನೊಂದು ಡಿಗ್ರಿ ಇಳಿಯಬಹುದು, ಆದರೆ ಮೂರನೇ ಸಲಕ್ಕೆ ಯಾವುದು ಯಾರ ಸರದಿ ಎಂಬುದೇ ಮರೆತಿರುತ್ತದೆ.

ಉಳಿದ ಆ್ಯಂಟಿಬಯಾಟಿಕ್ಕಿನ ಬಗ್ಗೆ ಚರ್ಚೆಯೇ ಬೇಡ. ನೀರು ಬೆರೆಸಿದ ಸಿರಪ್ಪು ಒಂದೆರಡು ವಾರಗಳಲ್ಲೇ ಶಕ್ತಿ ಕಳೆದುಕೊಳ್ಳುತ್ತದೆ, ಮತ್ತು ವೈರಸ್ಸಿನ ಜ್ವರಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಪ್ರಶ್ನೆ: ನಮ್ಮ ಮಗುವಿಗೆ ಎಂಟು ತಿಂಗಳು. ಹಲ್ಲು ಬರುತ್ತಿದೆ, 102 ಜ್ವರ ಇದೆ. ಹಲ್ಲಿನ ಜ್ವರ ತಾನಾಗಿ ಹೋಗುತ್ತದೆಯಲ್ಲವೇ?
— ರಾಜಾಜಿನಗರದ ಓದುಗರು

ಉತ್ತರ: ಹಲ್ಲು ಬರುವಾಗ ಜೊಲ್ಲು ಸುರಿಯುತ್ತದೆ, ಒಸಡು ಕಡಿಯುತ್ತದೆ, ಮೈ ತುಸು ಬೆಚ್ಚಗಾಗಬಹುದು. 102 ಜ್ವರ ಬರುವುದಿಲ್ಲ. ಆರು ತಿಂಗಳಾದ ಮೇಲೆ ತಾಯಿಯಿಂದ ಬಂದ ರಕ್ಷಣೆ ಕರಗುತ್ತ, ಮಗು ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತ ಇರುವ ಹೊತ್ತಿನಲ್ಲೇ ಹಲ್ಲೂ ಬರುತ್ತದೆ. ದೋಷವೆಲ್ಲ ಹಲ್ಲಿನ ಮೇಲೆ ಬೀಳುತ್ತದೆ. ನೆಗಡಿ, ಕೆಮ್ಮು, ಭೇದಿ ಯಾವುದೂ ಇಲ್ಲದೆ ಜ್ವರ ಮಾತ್ರ ಇದ್ದರೆ, ಅದರಲ್ಲೂ ಹೆಣ್ಣುಮಗುವಾಗಿದ್ದರೆ, ಮೂತ್ರ ಪರೀಕ್ಷೆ ಮಾಡಿಸಬೇಕು. ಇಂದೇ ತೋರಿಸಿ.

ಪ್ರಶ್ನೆ: ನಮ್ಮ ಒಂದೂವರೆ ವರ್ಷದ ಮಗನಿಗೆ ಜ್ವರ ಬಂದ ದಿನವೇ ಕಣ್ಣು ಮೇಲೆ ಸಿಕ್ಕಿಸಿಕೊಂಡು, ಕೈಕಾಲು ಅದುರಿ, ಬಾಯಲ್ಲಿ ನೊರೆ ಬಂದಿತು. ನಮ್ಮ ಅತ್ತೆ ಕೈಗೆ ಕಬ್ಬಿಣದ ಬೀಗದ ಕೈ ಹಿಡಿಸಿದರು, ಪಕ್ಕದ ಮನೆಯವರು ಹಲ್ಲಿನ ನಡುವೆ ಚಮಚ ತುರುಕಿದರು. ಎರಡು ನಿಮಿಷದಲ್ಲಿ ನಿಂತಿತು. ಅಂದಿನಿಂದ ಮೈ ಸ್ವಲ್ಪ ಬೆಚ್ಚಗಾದರೂ ಹಗಲು ರಾತ್ರಿ ನಾಲ್ಕು ಗಂಟೆಗೊಮ್ಮೆ ಔಷಧ ಕೊಡುತ್ತಿದ್ದೇವೆ. ಇದು ಮೂರ್ಛೆರೋಗವೇ?
— ಚಾಮರಾಜಪೇಟೆಯ ದಂಪತಿ

ಉತ್ತರ: ಇದನ್ನು ಕಣ್ಣಾರೆ ಕಂಡ ಪ್ರತಿಯೊಬ್ಬ ತಾಯಿಯೂ ತಂದೆಯೂ ಆ ಕ್ಷಣದಲ್ಲಿ ಮಗು ಕೈತಪ್ಪಿತೆಂದೇ ತಿಳಿದಿರುತ್ತಾರೆ. ಆ ಹೆದರಿಕೆಯನ್ನು ಒಂದು ಮಾತಿನಿಂದ ತೆಗೆಯಲು ನನಗೆ ಆಗದು, ಆದರೂ ನಿಮ್ಮ ವರ್ಣನೆಯಂತೆ ಇದು ಜ್ವರದ ಫಿಟ್ಸ್, ಮೂರ್ಛೆರೋಗವಲ್ಲ. ಆರು ತಿಂಗಳಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಎರಡರಿಂದ ಐದು ಮಕ್ಕಳಿಗೆ ಇದು ಬರುತ್ತದೆ. ಎಷ್ಟೋ ಮನೆಗಳಲ್ಲಿ ವಿಚಾರಿಸಿದಾಗ ತಂದೆಗೋ ಚಿಕ್ಕಪ್ಪನಿಗೋ ಚಿಕ್ಕಂದಿನಲ್ಲಿ ಹೀಗೆಯೇ ಆಗಿತ್ತೆಂದು ಅಜ್ಜಿಯೇ ನೆನಪಿಸಿಕೊಳ್ಳುತ್ತಾರೆ. ಹೆಚ್ಚಿನವು ಐದು ನಿಮಿಷದೊಳಗೆ ತಾವಾಗಿ ನಿಲ್ಲುತ್ತವೆ, ಬುದ್ಧಿಗೂ ಬೆಳವಣಿಗೆಗೂ ಪೆಟ್ಟು ಮಾಡುವುದಿಲ್ಲ. ಮೂರು ಮಕ್ಕಳಲ್ಲಿ ಒಬ್ಬರಿಗೆ ಮುಂದಿನ ಯಾವುದಾದರೂ ಜ್ವರದಲ್ಲಿ ಮತ್ತೆ ಬರಬಹುದು ಎಂಬುದು ಮಾತ್ರ ನಿಜ, ಆದ್ದರಿಂದ ಏನು ಮಾಡಬೇಕೆಂದು ಮನೆಯವರೆಲ್ಲರೂ ತಿಳಿದಿರಬೇಕು.

ಮಗುವನ್ನು ನೆಲದ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ. ನೊರೆ, ವಾಂತಿ ಹೊರಗೆ ಹರಿದುಹೋಗಲಿ. ಕೊರಳಿನ ಗುಂಡಿ ಬಿಚ್ಚಿ, ಸುತ್ತಲಿನ ಗಟ್ಟಿ ವಸ್ತುಗಳನ್ನು ಸರಿಸಿ. ಗಡಿಯಾರ ನೋಡಿ, ಏಕೆಂದರೆ ಆ ಗಾಬರಿಯಲ್ಲಿ ಒಂದು ನಿಮಿಷವೂ ಹತ್ತರಂತೆ ಕಾಣುತ್ತದೆ. ಸಾಧ್ಯವಾದರೆ ಒಬ್ಬರು ಮೊಬೈಲಿನಲ್ಲಿ ವಿಡಿಯೊ ಮಾಡಲಿ, ನಮಗೆ ಅದು ಬಹಳ ಉಪಯೋಗ. ಬಾಯಿಗೆ ಏನನ್ನೂ ಹಾಕಬೇಡಿ. ನಾಲಿಗೆ ನುಂಗಿಹೋಗುತ್ತದೆ ಎಂಬುದು ಸುಳ್ಳು, ಆದರೆ ಚಮಚದಿಂದ ಮುರಿದ ಹಲ್ಲು ಶ್ವಾಸನಾಳಕ್ಕೆ ಹೋಗುವುದು ನಿಜ. ಅದುರುವ ಕೈಕಾಲುಗಳನ್ನು ಒತ್ತಿ ಹಿಡಿಯಬೇಡಿ, ಪೂರ್ತಿ ಎಚ್ಚರವಾಗುವವರೆಗೆ ನೀರನ್ನಾಗಲಿ ಔಷಧವನ್ನಾಗಲಿ ಕುಡಿಸಬೇಡಿ. ಬೀಗದ ಕೈಯಿಂದ ಅಪಾಯವಿಲ್ಲ, ಉಪಯೋಗವೂ ಇಲ್ಲ. ಎರಡು ನಿಮಿಷದಲ್ಲಿ ತಾನಾಗಿ ನಿಲ್ಲಲಿದ್ದ ಫಿಟ್ಸಿಗೆ ಕಬ್ಬಿಣ ಹೆಸರು ಪಡೆಯಿತು ಅಷ್ಟೆ. ಐದು ನಿಮಿಷ ಮೀರಿದರೆ, ನಿಂತು ಮತ್ತೆ ಶುರುವಾದರೆ, ದೇಹದ ಒಂದೇ ಬದಿ ಅದುರುತ್ತಿದ್ದರೆ 108ಕ್ಕೆ ಕರೆಮಾಡಿ. ಮೊದಲ ಸಲದ ಫಿಟ್ಸ್ ಬೇಗ ನಿಂತರೂ ಅದೇ ದಿನ ವೈದ್ಯರು ನೋಡಲೇಬೇಕು. ಮಿದುಳುಜ್ವರ ಅಲ್ಲವೆಂದು ಖಚಿತಪಡಿಸಿಕೊಳ್ಳುವ ಕೆಲಸ ಮನೆಯಲ್ಲಿ ಆಗುವಂಥದ್ದಲ್ಲ.

ನಾಲ್ಕು ಗಂಟೆಗೊಮ್ಮೆಯ ಔಷಧವನ್ನು ನಿಲ್ಲಿಸಿ. ಪ್ಯಾರಾಸಿಟಮಾಲ್ ಕೊಟ್ಟು ಜ್ವರದ ಫಿಟ್ಸನ್ನು ತಡೆಯಲಾಗುವುದಿಲ್ಲವೆಂದು ಅಧ್ಯಯನಗಳು ತೋರಿಸಿವೆ. ಎಷ್ಟೋ ಸಲ ಫಿಟ್ಸ್ ಬಂದ ಮೇಲೆಯೇ ಮಗುವಿಗೆ ಜ್ವರವಿದೆ ಎಂಬುದು ಮನೆಯವರಿಗೆ ತಿಳಿಯುತ್ತದೆ. ಐದು ನಿಮಿಷ ಮೀರಿದರೆ ಮೂಗಿಗೆ ಸಿಂಪಡಿಸುವ ಮಿಡಜೋಲಮ್ ಎಂಬ ಔಷಧವನ್ನು ಮನೆಯಲ್ಲಿಟ್ಟುಕೊಳ್ಳಬೇಕೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಆಸ್ಪತ್ರೆಗೆ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ಹಿಡಿಯುವ ಮನೆಯವರಿಗೆ ನಾನು ಸಾಮಾನ್ಯವಾಗಿ ಬರೆದುಕೊಡುತ್ತೇನೆ.

ಪ್ರಶ್ನೆ: ಕಳೆದ ವರ್ಷ ನಮ್ಮ ಆರು ವರ್ಷದ ಮಗಳಿಗೆ ನಾಲ್ಕು ದಿನ ಜ್ವರವಿದ್ದು ಐದನೇ ದಿನ ಬೆಳಿಗ್ಗೆ ಪೂರ್ತಿ ಬಿಟ್ಟಿತು. ನಾವು ನೆಮ್ಮದಿಯಾದೆವು. ಆದರೆ ಮಧ್ಯಾಹ್ನಕ್ಕೆ ಹೊಟ್ಟೆನೋವು, ವಾಂತಿ, ಕೈಕಾಲು ತಣ್ಣಗಾಗಿ ಆಸ್ಪತ್ರೆಗೆ ಸೇರಿಸಬೇಕಾಯಿತು, ಡೆಂಗಿ ಎಂದರು. ಪರಂಗಿ ಎಲೆಯ ರಸವನ್ನೂ ಕೊಟ್ಟಿದ್ದೆವು. ಈಗ ಚೆನ್ನಾಗಿದ್ದಾಳೆ. ಜ್ವರ ಬಿಟ್ಟ ಮೇಲೆ ಕಾಯಿಲೆ ಜೋರಾಗುವುದು ಹೇಗೆ?
— ಕೆಂಗೇರಿಯ ಓದುಗರು

ಉತ್ತರ: ಡೆಂಗಿಯ ಕುತಂತ್ರವೇ ಇದು. ಮೊದಲ ಮೂರು ನಾಲ್ಕು ದಿನ ಜ್ವರ, ತಲೆನೋವು, ಕಣ್ಣಿನ ಹಿಂದೆ ನೋವು, ಮೈಕೈ ನೋವು ಇರುತ್ತವೆ. ಮೂರರಿಂದ ಏಳನೇ ದಿನದ ನಡುವೆ, ಜ್ವರ ಇಳಿಯುವ ಹೊತ್ತಿಗೇ, ಕೆಲವು ಮಕ್ಕಳಲ್ಲಿ ಸೂಕ್ಷ್ಮ ರಕ್ತನಾಳಗಳ ಗೋಡೆ ಸಡಿಲಗೊಂಡು ರಕ್ತದ ನೀರಿನಂಶ ಹೊಟ್ಟೆ ಮತ್ತು ಎದೆಯೊಳಕ್ಕೆ ಸೋರುತ್ತದೆ. ರಕ್ತ ಗಟ್ಟಿಯಾಗಿ, ರಕ್ತದೊತ್ತಡ ಕುಸಿದು, ಕೈಕಾಲು ತಣ್ಣಗಾಗುತ್ತವೆ. ಈ ಸೋರಿಕೆ 24ರಿಂದ 48 ಗಂಟೆಗಳ ಕಾಲ ಇರುತ್ತದೆ. ಆ ಎರಡು ದಿನ ಸರಿಯಾದ ಅಳತೆಯಲ್ಲಿ ಡ್ರಿಪ್ ಕೊಟ್ಟು ಕಾದರೆ ಮಗು ಚೇತರಿಸಿಕೊಳ್ಳುತ್ತದೆ, ನಿಮ್ಮ ಮಗಳಂತೆ. ಮಾಮೂಲಿ ವೈರಲ್ ಜ್ವರದಲ್ಲಿ ಜ್ವರ ಬಿಟ್ಟ ದಿನ ಮಗು ತಿನ್ನಲು ಕೇಳುತ್ತದೆ, ಜಗಳಕ್ಕೆ ನಿಲ್ಲುತ್ತದೆ. ಜ್ವರ ಬಿಟ್ಟ ದಿನವೇ ಮಗು ಇನ್ನಷ್ಟು ಸೊರಗಿದರೆ, ಹೊಟ್ಟೆನೋವು, ಪದೇಪದೇ ವಾಂತಿ, ಒಸಡು ಮೂಗಿನಲ್ಲಿ ರಕ್ತ, ಕಪ್ಪು ಮಲ, ಚಡಪಡಿಕೆ ಇದ್ದರೆ ಒಂದು ಗಂಟೆಯನ್ನೂ ಕಳೆಯಬಾರದು.

ಪರೀಕ್ಷೆಯಲ್ಲೂ ದಿನದ ಲೆಕ್ಕವೇ ಮುಖ್ಯ. ಎನ್‌ಎಸ್‌1 ಎಂಬ, ವೈರಸ್ಸಿನ ಅಂಶವನ್ನೇ ರಕ್ತದಲ್ಲಿ ಹುಡುಕುವ ಪರೀಕ್ಷೆ ಮೊದಲ ಐದು ದಿನದೊಳಗೆ ಹೆಚ್ಚು ನಂಬಿಕೆಗೆ ಅರ್ಹ. ಐದನೇ ದಿನದ ಮೇಲೆ ಐಜಿಎಂ, ಅಂದರೆ ವೈರಸ್ಸಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯವನ್ನು ನೋಡುತ್ತೇವೆ. ಪ್ಲೇಟ್‌ಲೆಟ್ ಅಂಕಿಯನ್ನು ಬಂಧುಬಳಗವೆಲ್ಲ ಕ್ರಿಕೆಟ್ ಸ್ಕೋರಿನಂತೆ ವಿಚಾರಿಸುತ್ತಾರೆ. ನಾವು ಅದಕ್ಕಿಂತ ಹೆಚ್ಚಾಗಿ ನೋಡುವುದು ರಕ್ತ ಎಷ್ಟು ಗಟ್ಟಿಯಾಗಿದೆ ಎಂಬುದನ್ನು, ನಾಡಿಯನ್ನು, ಮೂತ್ರವನ್ನು. ರಕ್ತಸ್ರಾವವಿಲ್ಲದೆ ಅಂಕಿ ಇಳಿದದ್ದೊಂದಕ್ಕೇ ಪ್ಲೇಟ್‌ಲೆಟ್ ಏರಿಸುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಪರಂಗಿ ಎಲೆಯ ರಸದಿಂದ ಈ ಸೋರಿಕೆ ನಿಲ್ಲುತ್ತದೆ ಎಂಬುದಕ್ಕೆ ಆಧಾರವಿಲ್ಲ. ಅದರ ಕಹಿಗೆ ಮಕ್ಕಳು ವಾಂತಿ ಮಾಡುತ್ತಾರೆ, ಆಗ ಅದು ಕಾಯಿಲೆಯ ವಾಂತಿಯೋ ರಸದ ವಾಂತಿಯೋ ತಿಳಿಯದೆ ನಾವು ಕಂಗಾಲಾಗುತ್ತೇವೆ.

2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ ಸೊಳ್ಳೆ ಬೆಳೆಯಲು ಬಿಡುವ ಜಾಗಗಳ ಮಾಲೀಕರಿಗೆ ದಂಡ ವಿಧಿಸುವ ನಿಯಮ ತಂದಿತು. ಆದರೆ ಈ ಸೊಳ್ಳೆ ಮೋರಿಯದ್ದಲ್ಲ, ಮನೆಯದ್ದು. ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಬಡಾವಣೆಗಳಲ್ಲಿ ತುಂಬಿಟ್ಟ ಡ್ರಮ್ಮು, ಮುಚ್ಚಳ ಸರಿಯಿಲ್ಲದ ಸಂಪು, ಹೂಕುಂಡದ ಕೆಳಗಿನ ತಟ್ಟೆ, ಫ್ರಿಜ್ಜಿನ ಹಿಂದಿನ ತಟ್ಟೆ, ತಾರಸಿಯ ಮೇಲಿನ ತೆಂಗಿನ ಚಿಪ್ಪು ಇವೆಲ್ಲ ಅದರ ತೊಟ್ಟಿಲು. ಮೊಟ್ಟೆ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ ನೀರು ಚೆಲ್ಲಿ, ಗೋಡೆಗೆ ಅಂಟಿದ ಮೊಟ್ಟೆಗಳು ಹೋಗುವಂತೆ ಉಜ್ಜಿ ತೊಳೆಯಬೇಕು. ಅದು ಕಚ್ಚುವುದು ಹಗಲಿನಲ್ಲಿ, ಹೀಗಾಗಿ ರಾತ್ರಿಯ ಸೊಳ್ಳೆಪರದೆಯಷ್ಟೇ ಶಾಲೆಗೆ ತೊಡಿಸುವ ತುಂಬುತೋಳಿನ ಅಂಗಿಯೂ ಮುಖ್ಯ.

ಪ್ರಶ್ನೆ: ಜ್ವರ ಬಿಟ್ಟ ಮೇಲೆ ಮಗುವನ್ನು ಶಾಲೆಗೆ ಯಾವಾಗ ಕಳುಹಿಸಬಹುದು? ಪರೀಕ್ಷೆ ಇದೆ.
— ಮಲ್ಲೇಶ್ವರದ ಓದುಗರು

ಉತ್ತರ: ಔಷಧ ಕೊಡದೆಯೇ 24 ಗಂಟೆ ಜ್ವರವಿಲ್ಲದಿದ್ದು, ಮಗು ಎಂದಿನಂತೆ ತಿಂದು ಆಡುತ್ತಿದ್ದರೆ ಕಳುಹಿಸಿ. ಬೆಳಿಗ್ಗೆ ಪ್ಯಾರಾಸಿಟಮಾಲ್ ಕುಡಿಸಿ ವ್ಯಾನು ಹತ್ತಿಸಿದರೆ ಮಧ್ಯಾಹ್ನ 12 ಗಂಟೆಗೆ ಶಾಲೆಯಿಂದ ನಿಮಗೆ ಫೋನು ಬರುತ್ತದೆ, ಮರುವಾರ ಅದೇ ತರಗತಿಯ ಇನ್ನೂ ನಾಲ್ಕು ಮಕ್ಕಳ ತಾಯಂದಿರು ನನ್ನ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತಿರುತ್ತಾರೆ. ಒಂದನೇ ತರಗತಿಯ ಕಿರುಪರೀಕ್ಷೆಗಾದರೆ ರಜಾ ಚೀಟಿಯನ್ನು ಬೇಕಿದ್ದರೆ ನಾನೇ ಬರೆದುಕೊಡುತ್ತೇನೆ.